ಹತ್ತು ಕಿಲೋ ಬಿಗಿ

ಅಮ್ಮನ ಹೊಸ ಮಂಡಿ ಎಪ್ಪತ್ತೆಂಟು ಡಿಗ್ರಿಗೆ ಬಂದು ನಿಂತುಬಿಟ್ಟಿತ್ತು. ಶಸ್ತ್ರಚಿಕಿತ್ಸೆಯಾಗಿ ಐದು ವಾರ ಕಳೆದಿದ್ದರೂ ಅಲ್ಲಿಂದ ಮುಂದೆ ಮಡಚಲು ಒಪ್ಪುತ್ತಿರಲಿಲ್ಲ. ಡಾಕ್ಟರು ಕೋನ ಅಳೆಯುವ ಪಟ್ಟಿಯನ್ನು ಜೇಬಿಗೆ ಸೇರಿಸುತ್ತ, "ಇನ್ನು ಮೂರು ವಾರ ನೋಡೋಣ. ನೂರ ಹತ್ತಾದರೂ ಆಗಬೇಕು. ಇಲ್ಲದಿದ್ದರೆ ಮತ್ತೆ ಅರಿವಳಿಕೆ ಕೊಟ್ಟು ನಾವೇ ಮಡಚಬೇಕಾಗುತ್ತೆ" ಎಂದರು.

"ನೀವೇ ಮಡಚೋದು ಅಂದ್ರೆ?" ಅಮ್ಮ ಕೇಳಿದಳು.

ಡಾಕ್ಟರು ಎರಡೂ ಕೈಯಿಂದ ಗಾಳಿಯಲ್ಲೇ ಏನನ್ನೋ ಒತ್ತಿ ಮಡಚಿ ತೋರಿಸಿದರು. ಅಮ್ಮ ದರ್ಜಿ. ನಲವತ್ತು ವರ್ಷ ದಪ್ಪ ಬಟ್ಟೆಗಳನ್ನು ಮಡಚಿ ಅಂಚು ಕೂರಿಸಿದವಳು. ಹಾಗೆ ಮಡಚುವ ಕೈಯಲ್ಲಿ ಎಷ್ಟು ಬಲವಿರುತ್ತದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. 

ಹೀಗೆ ನಮ್ಮ ಮನೆಗೆ ವ್ಯಾಯಾಮದ ಸೈಕಲ್ಲು ಬಂತು. ಬಂದದ್ದು ಸೈಕಲ್ಲಲ್ಲ, ಒಂದು ರಟ್ಟಿನ ಪೆಟ್ಟಿಗೆ. ಒಳಗೆ ಕಬ್ಬಿಣದ ಕಾಲುಗಳು, ಸೀಟು, ಹಿಡಿಕೆ, ಎರಡು ಪೆಡಲು, ಪೊಟ್ಟಣ ತುಂಬ ಬೋಲ್ಟು ನಟ್ಟು, ಅಂಗೈ ಅಗಲದ ಎರಡು ಸ್ಪ್ಯಾನರು, ಮತ್ತೊಂದು ತೆಳ್ಳನೆಯ ಕೈಪಿಡಿ.

ಅಪ್ಪ ಗಡಿಯಾರ ರಿಪೇರಿ ಮಾಡುವವನು. ಮುಂದಿನ ಕೋಣೆಯ ಕಿಟಕಿಯ ಪಕ್ಕವೇ ಅವನ ಮೇಜು. ಪೆಟ್ಟಿಗೆಯನ್ನು ಅಲ್ಲಿಗೇ ಎಳೆಸಿ, ನೆಲಕ್ಕೆ ಬಿಳಿ ಬಟ್ಟೆ ಹಾಸಿ, ಬೋಲ್ಟುಗಳನ್ನು ಉದ್ದದ ಪ್ರಕಾರ ಬೇರೆ ಬೇರೆ ತಟ್ಟೆಗಳಲ್ಲಿ ಜೋಡಿಸಿದ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹೆಬ್ಬೆರಳಿನ ಗಾತ್ರದ ನಟ್ಟನ್ನು ಪರೀಕ್ಷಿಸುವುದನ್ನು ನೋಡಿ ಅಮ್ಮ ಕುರ್ಚಿಯಿಂದಲೇ, "ರೀ, ಅದು ಬರಿಗಣ್ಣಿಗೇ ಕಾಣಿಸುತ್ತೆ" ಎಂದಳು.

"ಕಾಣಿಸೋದು ಬೇರೆ, ನೋಡೋದು ಬೇರೆ ಕಣೇ."

ಕೈಪಿಡಿ ಓದುವ ಕೆಲಸ ನನ್ನದು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಈ ಮಾತಿಗೆ ಮುಂದೆ ನಾಚಿಕೆಪಡಬೇಕಾಗುತ್ತದೆ, ಅದಕ್ಕೇ ಈಗಲೇ ಹೇಳಿಬಿಡುತ್ತೇನೆ. ಒಂದೊಂದೇ ಹಂತ ಓದಿದೆ. ಪ್ರತಿ ಹಂತದ ಕೊನೆಗೂ 'ಬಿಗಿಯಾಗಿ ತಿರುಗಿಸಿ' ಎಂದೇ ಬರೆದಿತ್ತು. ಅಪ್ಪ ಬಿಗಿಯಾಗಿ ತಿರುಗಿಸಿದ. ಎಡ ಪೆಡಲು ಮಾತ್ರ ಉಲ್ಟಾ ತಿರುಗಿಸಬೇಕು ಎಂದು ಓದಿದಾಗ ಅವನ ಮುಖ ಅರಳಿತು. ಕೈಗಡಿಯಾರದ ಒಳಗೂ ಹೀಗೆ ಉಲ್ಟಾ ತಿರುಗುವ ಒಂದು ತಿರುಪು ಇದೆಯಂತೆ. "ಇದು ಗೊತ್ತಿಲ್ಲದವರು ತಪ್ಪು ದಿಕ್ಕಿಗೆ ಗುದ್ದಾಡಿ ಥ್ರೆಡ್ಡೇ ಹಾಳುಮಾಡ್ತಾರೆ" ಎಂದ.

ಆ 'ಗೊತ್ತಿಲ್ಲದವರು' ಯಾರೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಮ್ಮನ ತಮ್ಮ, ನನ್ನ ಸೋದರಮಾವ. ಲಾರಿ ಮೆಕ್ಯಾನಿಕ್. ಹಿಂದಿನ ವರ್ಷ ನಮ್ಮ ಬಚ್ಚಲಿನ ನಲ್ಲಿ ಸೋರುತ್ತಿದೆ ಎಂದು ಬಿಗಿ ಮಾಡಲು ಹೋಗಿ, ನಲ್ಲಿಯನ್ನು ಗೋಡೆಯಿಂದಲೇ ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದ. ಆವತ್ತಿನಿಂದ ಅವನು ನಮ್ಮ ಮನೆಯಲ್ಲಿ ಸ್ಪ್ಯಾನರು ಮುಟ್ಟುವ ಹಾಗಿಲ್ಲ. ಸೈಕಲ್ಲು ಜೋಡಿಸುವ ವಿಷಯವನ್ನೂ ಅಪ್ಪ ಅವನಿಗೆ ತಿಳಿಸಿರಲಿಲ್ಲ.

ಒಂದೂವರೆ ದಿನದಲ್ಲಿ ಸೈಕಲ್ಲು ಎದ್ದು ನಿಂತಿತು. ಗೋಡೆ ಗಡಿಯಾರ ನೇರ ಕೂರಿಸಲು ಬಳಸುವ ರಸಮಟ್ಟವನ್ನು ಸೀಟಿನ ಮೇಲಿಟ್ಟು, ಗುಳ್ಳೆ ನಡುವಿಗೆ ಬರುವವರೆಗೂ ಅಪ್ಪ ಕಾಲುಗಳ ಎತ್ತರ ಹೊಂದಿಸಿದ. ಕೆಳಗೆ ದಪ್ಪ ರಬ್ಬರಿನ ಹಾಸು, ಕೈಗೆಟಕುವಂತೆ ಪಕ್ಕದಲ್ಲಿ ಬಟ್ಟೆಯ ಬೀರು. ಅಮ್ಮ ಪಾದದ ಹತ್ತಿರ ಬಿಗಿಯಿರುವ ಪೈಜಾಮ ಒಂದನ್ನು ತಾನೇ ಹೊಲಿದುಕೊಂಡಳು. ಸಡಿಲ ಬಟ್ಟೆ ಪೆಡಲಿಗೆ ಸಿಕ್ಕಿಕೊಳ್ಳಬಾರದು ಎಂದು, ವ್ಯಾಯಾಮ ಹೇಳಿಕೊಡಲು ಮನೆಗೆ ಬರುವ ಫಿಸಿಯೋ ಹುಡುಗಿ ಮೊದಲೇ ಹೇಳಿದ್ದಳು.

ಆ ಹುಡುಗಿ ಬಂದು ಸೀಟನ್ನು ಮೇಲಿನ ತೂತಿಗೆ ಏರಿಸಿದಳು. "ಸೀಟು ಎತ್ತರ ಇದ್ದಷ್ಟೂ ಮಂಡಿ ಕಡಿಮೆ ಮಡಚಿದರೆ ಸಾಕು. ಅಭ್ಯಾಸ ಆದ ಹಾಗೆ ಒಂದೊಂದೇ ತೂತು ಇಳಿಸೋಣ. ಹತ್ತುವಾಗ, ಇಳಿಯುವಾಗ ಎರಡೂ ಕೈ ಹಿಡಿಕೆ ಮೇಲಿರಲಿ. ಮೊದಲು ಪೂರ್ತಿ ಸುತ್ತಬೇಡಿ ಆಂಟಿ, ಹಿಂದಕ್ಕೆ ಮುಂದಕ್ಕೆ ತೂಗಿ ಅಷ್ಟೆ. ಪೂರ್ತಿ ಸುತ್ತು ಮೊದಲು ಹಿಂದಕ್ಕೇ ಬರುತ್ತೆ, ಅದು ಸುಲಭ. ಎಳೆದ ಹಾಗಾದರೆ ಪರವಾಗಿಲ್ಲ, ಚುಚ್ಚಿದರೆ ನಿಲ್ಲಿಸಿಬಿಡಿ."

ನಾಲ್ಕನೆಯ ದಿನ ಬೆಳಿಗ್ಗೆ ಪೆಡಲು ಹಿಂದಕ್ಕೆ ಒಂದು ಪೂರ್ತಿ ಸುತ್ತು ಬಂತು. ಅಮ್ಮ ಕೂಗಿದ ಕೂಗಿಗೆ ಅಪ್ಪನ ಚಿಮುಟದಲ್ಲಿದ್ದ ಒಂದು ಪುಟ್ಟ ತಿರುಪು ಎಲ್ಲಿಗೋ ಹಾರಿಹೋಯಿತು. ಅದು ಇವತ್ತಿಗೂ ಸಿಕ್ಕಿಲ್ಲ. ಆವತ್ತು ಅಳತೆ ತೊಂಬತ್ತೊಂದು.

ಆರನೆಯ ದಿನ ಪೆಡಲು ಅಲುಗಾಡಿತು.

ಬಿದ್ದಳೆಂದಲ್ಲ. ಎಡ ಪೆಡಲು ಒಮ್ಮೆಲೇ ಓರೆಯಾಗಿ, ಕಾಲು ಜಾರಿ, ಅಮ್ಮ ಬೀರು ಹಿಡಿದುಕೊಂಡು ಉಳಿದಳು. ನಾನು ಕೈಕೊಟ್ಟು ಇಳಿಸಿದೆ. ಪೆಡಲು ಎರಡು ಎಳೆ ಥ್ರೆಡ್ಡಿನಲ್ಲಿ ಮಾತ್ರ ನೇತಾಡುತ್ತಿತ್ತು. ಅಪ್ಪ ಬಂದು ನೋಡಿದ. ಅವನ ಮುಖ ಬೆಳ್ಳಗಾಯಿತು.

ಅಮ್ಮ ಬೈಯಲಿಲ್ಲ, ಅದೇ ಕಷ್ಟವಾಯಿತು. ಮಂಡಿ ಸವರುತ್ತ ಕೂತು, "ನನ್ನ ಕಾಲೂ ಹೊಸದು, ಈ ಪೆಡಲೂ ಹೊಸದು. ಎರಡನ್ನೂ ಒಟ್ಟಿಗೆ ನಂಬೋಕೆ ನನ್ನಿಂದಾಗಲ್ಲ. ಇನ್ನು ಹತ್ತೋದಿಲ್ಲ" ಎಂದಳು.

"ಇನ್ನು ಎರಡೇ ವಾರ ಇರೋದಮ್ಮ" ಎಂದೆ.

"ಡಾಕ್ಟರೇ ಮಡಚಲಿ ಬಿಡು."

ಅಪ್ಪ ಪೆಡಲನ್ನು ಮತ್ತೆ ಕೂರಿಸಿದ. ಆಗ ಅವನ ಕೈಯನ್ನು ಸರಿಯಾಗಿ ಗಮನಿಸಿದೆ. ಸ್ಪ್ಯಾನರನ್ನು ಹಿಡಿದದ್ದು ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ. ಪೆಡಲು ಒಳಸೇರಿ ಕೂತ ಕೂಡಲೇ ಬೆರಳು ತಾನಾಗಿ ನಿಂತುಬಿಟ್ಟಿತು.

"ಅಪ್ಪ, ಇನ್ನೂ ಸ್ವಲ್ಪ."

"ಕೂತಿದೆಯಲ್ಲ. ಕೂತ ಮೇಲೆ ಒಂದು ಕೂದಲೆಳೆ ಹೆಚ್ಚು ತಿರುಗಿಸಿದ್ರೂ ತಿರುಪಿನ ತಲೆ ಹಾರುತ್ತೆ."

ನಲವತ್ತೆರಡು ವರ್ಷ ಅಕ್ಕಿಕಾಳಿಗಿಂತ ಚಿಕ್ಕ ತಿರುಪುಗಳನ್ನು ಕೂರಿಸಿದ ಕೈ ಅದು. ಬಿಗಿ ಎಂದರೆ ಅದಕ್ಕೆ ಗೊತ್ತಿರುವುದು ಅಷ್ಟೇ. ಇಡೀ ಸೈಕಲ್ಲು, ಎಪ್ಪತ್ತು ಕಿಲೋ ಹೊರಬೇಕಾದ ಸೈಕಲ್ಲು, ಕೈಗಡಿಯಾರದ ಬಿಗಿಯಲ್ಲಿ ನಿಂತಿತ್ತು. ಅದರ ಮೇಲೆ ಅಮ್ಮ ತುಳಿದದ್ದು ಹಿಂದಕ್ಕೆ. ಮುಂದಕ್ಕೆ ತುಳಿದರೆ ಪೆಡಲು ತಾನಾಗಿ ಬಿಗಿಯಾಗಲಿ ಎಂದೇ ಎಡದ ಥ್ರೆಡ್ಡನ್ನು ಉಲ್ಟಾ ಕೊರೆದಿರುತ್ತಾರೆ. ಹಿಂದಕ್ಕೆ ತುಳಿದರೆ ಅದು ಸಡಿಲವಾಗುತ್ತದೆ. ಆರು ದಿನ ಅಮ್ಮ ಶ್ರದ್ಧೆಯಿಂದ ಪೆಡಲು ಬಿಚ್ಚುವ ಕೆಲಸ ಮಾಡಿದ್ದಳು.

ಮಧ್ಯಾಹ್ನ ಮಾವ ಬಂದ. ಅಮ್ಮನೇ ಫೋನು ಮಾಡಿದ್ದಳು.

"ಏನು ಭಾವ, ನನ್ನಕ್ಕನ್ನ ಬೀಳಿಸೋಕೆ ಹೊರಟಿದ್ದೀರಂತೆ?"

"ನೀನು ಕೂತ್ಕೊಳ್ಳಯ್ಯ ಮೊದಲು. ಏನೂ ಮುಟ್ಟಬೇಡ."

ನಾನು ನೀರು ತರಲು ಒಳಗೆ ಹೋದೆ. ಲೋಟ ತುಂಬುವಷ್ಟರಲ್ಲಿ 'ಟಕ್' ಎಂದು ಸದ್ದು ಕೇಳಿತು. ಹೊರಗೆ ಬಂದರೆ ಮಾವ ಸೈಕಲ್ಲಿನ ಹಿಂಗಾಲಿನ ಬಳಿ ಕೂತಿದ್ದ. ಎಡಗೈಯಲ್ಲಿ ಅವನ ಮೊಣಕೈಯುದ್ದದ ಸ್ಪ್ಯಾನರು, ಬಲಗೈಯಲ್ಲಿ ಬೋಲ್ಟಿನ ತಲೆ. ಬೋಲ್ಟಿನ ಮೈ ಒಳಗೇ ಉಳಿದಿತ್ತು.

"ಒಂದು ಚೂರು ಒತ್ತಿದೆ ಅಷ್ಟೆ" ಎಂದ ಮಾವ, ನಲ್ಲಿ ಕಿತ್ತ ದಿನದ ಅದೇ ಮುಖದಲ್ಲಿ.

ಅಪ್ಪ ಎದ್ದು ನಿಂತ. ಮಾವನೂ ಎದ್ದು ನಿಂತ. ಅಮ್ಮ ಕುರ್ಚಿಯಲ್ಲಿ ಕೂತೇ ಇಬ್ಬರನ್ನೂ ನೋಡಿದಳು.

"ಇವರು ಹಾಕಿದ್ದು ಬಿಚ್ಚಿಕೊಳ್ಳುತ್ತೆ. ಇವನು ಮುಟ್ಟಿದ್ದು ಮುರಿಯುತ್ತೆ. ನಡುವೆ ನನ್ನ ಕಾಲು. ಅಲ್ಲ ಕಣ್ರೋ, ದಾರ ಎಳೆದ್ರೆ ಕಿತ್ತುಹೋಗುತ್ತೆ, ಬಿಟ್ರೆ ಹೊಲಿಗೆ ಸಡಿಲ ಆಗುತ್ತೆ. ಅದಕ್ಕೇ ಹೊಲಿಗೆ ಮಿಷಿನ್ನಲ್ಲಿ ದಾರದ ಬಿಗಿಗೆ ಒಂದು ಗುಂಡಿ ಇದೆ, ಗುಂಡಿ ಮೇಲೆ ಒಂದು ನಂಬರಿದೆ. ಇದಕ್ಕೇನೂ ನಂಬರಿಲ್ವಾ?"

ಇಬ್ಬರೂ ನನ್ನ ಕಡೆ ತಿರುಗಿದರು. ಕೈಪಿಡಿ ತೆಗೆದೆ. ಕೊನೆಯ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಯಾವುದನ್ನು ಎಷ್ಟು ಬಲದಲ್ಲಿ ತಿರುಗಿಸಬೇಕೆಂಬ ಒಂದು ಕೋಷ್ಟಕವಿತ್ತು. ಕಾಲಿನ ಬೋಲ್ಟು, ಇಪ್ಪತ್ತು ನ್ಯೂಟನ್ ಮೀಟರ್. ಪೆಡಲು, ಮೂವತ್ತೈದು. ಪ್ರತಿ ವರ್ಷ ನೂರಿಪ್ಪತ್ತು ಮಕ್ಕಳಿಗೆ ಪಾಠ ಮಾಡುವ ವಿಷಯ. ಕೊನೆಯ ಪುಟವನ್ನು ನಾನು ತಿರುಗಿಸಿಯೇ ಇರಲಿಲ್ಲ.

"ಸರಿಹೋಯ್ತು ಟೀಚರಮ್ಮ" ಎಂದ ಮಾವ.

"ನಿನ್ನ ಗ್ಯಾರೇಜಲ್ಲಿ ಬಿಗಿ ಅಳೆಯೋ ಸ್ಪ್ಯಾನರಿಲ್ವಾ ಮಾವ?"

"ಇದೆ. ಲಾರಿ ಚಕ್ರದ್ದು. ನೂರರಿಂದಲೇ ಶುರು ಅದು. ಮೂವತ್ತೈದಕ್ಕೆ ಅದು ಎಚ್ಚರವೂ ಆಗಲ್ಲ."

ಕಾಗದದ ಮೇಲೆ ಲೆಕ್ಕ ಹಾಕಿದೆ. ಸ್ಪ್ಯಾನರಿನ ತುದಿಗೆ ತೂಕ ಕಟ್ಟಿದರೆ ಅದೇ ಅಳತೆಗೋಲು. ಪೆಡಲಿನ ನಡುವಿನಿಂದ ಮೂವತ್ತೈದೂ ಮುಕ್ಕಾಲು ಸೆಂಟಿಮೀಟರ್ ದೂರದಲ್ಲಿ ಹತ್ತು ಕಿಲೋ ತೂಗಿದರೆ ಸರಿಯಾಗಿ ಮೂವತ್ತೈದು. ಸ್ಪ್ಯಾನರು ನೆಲಕ್ಕೆ ಸಮನಾಗಿ ಚಾಚಿರಬೇಕು, ಅಷ್ಟೇ.

"ಹತ್ತು ಕಿಲೋಗೆ ಕಲ್ಲು ಹುಡುಕಬೇಕಾ?" ಎಂದ ಮಾವ.

"ನೀರು" ಎಂದ ಅಪ್ಪ, ಆಗಲೇ ಬಚ್ಚಲಿನ ಕಡೆ ಹೊರಟಿದ್ದ. "ಒಂದು ಲೀಟರ್ ಒಂದು ಕಿಲೋ. ಬಕೆಟ್ಟಿನ ತೂಕ ಕಳೆದರೆ ಆಯ್ತು."

ಖಾಲಿ ಬಕೆಟ್ಟನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟರು. ಅರ್ಧ ಕಿಲೋಗೆ ಹದಿನೈದು ಗ್ರಾಮು ಕಡಿಮೆ ಎಂದು ಅಪ್ಪ ಘೋಷಿಸಿದ. ಮಾವ, "ಹದಿನೈದು ಗ್ರಾಮಿಗೆ ನನ್ನಕ್ಕ ಬೀಳ್ತಾಳಾ ಭಾವ?" ಎಂದರೂ ಅಪ್ಪ ಬಿಡಲಿಲ್ಲ, ಒಂಬತ್ತೂವರೆ ಲೀಟರ್ ನೀರು ಅಳೆದು ತುಂಬಿ, ಆ ಹದಿನೈದು ಗ್ರಾಮನ್ನು ಚಮಚದಲ್ಲಿ ಸೇರಿಸಿದ. ಅಮ್ಮ ಎದ್ದು, ಕೋಲೂರಿಕೊಂಡು ಬಂದು, ತನ್ನ ಟೇಪಿನಲ್ಲಿ ಮಾವನ ಉದ್ದ ಸ್ಪ್ಯಾನರನ್ನು ಅಳೆದು, ಬೇಕಾದ ಜಾಗದಲ್ಲಿ ಸೀಮೆಸುಣ್ಣದ ಗೆರೆ ಎಳೆದಳು.

ಮೊದಲು, ಅಪ್ಪ ಆಗಷ್ಟೇ ಕೂರಿಸಿದ ಪೆಡಲಿನ ಬಿಗಿ ಎಷ್ಟಿದೆಯೆಂದು ನೋಡೋಣ ಎಂದೆ. ಇನ್ನೊಂದು ಖಾಲಿ ಬಕೆಟ್ಟು ಕಟ್ಟಿ ಚೊಂಬಿನಿಂದ ನೀರು ಹಾಕುತ್ತ ಹೋದೆ. ಎರಡನೆಯ ಚೊಂಬಿಗೇ ಸ್ಪ್ಯಾನರು ಮೆಲ್ಲಗೆ ತಲೆಬಾಗಿತು. ಅಪ್ಪ ಅದನ್ನೇ ದಿಟ್ಟಿಸಿದ. "ಇಷ್ಟೇನಾ?" ಎಂದ, ತನ್ನ ಕೈ ನೋಡಿಕೊಂಡು. ಮಾವ ನಗಲು ಬಾಯಿ ತೆರೆದವನು ಯಾಕೋ ಮುಚ್ಚಿಕೊಂಡ.

ನಂತರ ಹತ್ತು ಕಿಲೋ. ಮಾವ ಆಚೆ ಬದಿಯ ಪೆಡಲನ್ನು ಅಲುಗದಂತೆ ಹಿಡಿದ. ಅಪ್ಪ ಬಕೆಟ್ಟಿನ ಹಗ್ಗವನ್ನು ಗೆರೆಯ ಮೇಲೆ ಇಳಿಬಿಟ್ಟು ಕೈ ತೆಗೆದ. ಸ್ಪ್ಯಾನರು ಇಳಿಯಿತು, ಇಳಿಯಿತು, ನಿಂತಿತು. ಸ್ಪ್ಯಾನರನ್ನು ಬಿಚ್ಚಿ ಮೇಲಕ್ಕೆ ಹಾಕಿ ಮತ್ತೊಮ್ಮೆ ತೂಗಿದರು. ಈ ಸಲ ಅದು ಚಾಚಿದಲ್ಲೇ ಚಾಚಿಕೊಂಡಿತ್ತು, ಬಕೆಟ್ಟು ಮಾತ್ರ ನಿಧಾನಕ್ಕೆ ತೂಗುತ್ತಿತ್ತು.

"ಸಾಕು" ಎಂದ ಅಪ್ಪ.

"ಇನ್ನೊಂದು ಚೂರು..."

"ಸಾಕು!" ಎಂದೆವು ನಾವು ಮೂವರೂ.

ಮುರಿದ ಬೋಲ್ಟಿನ ತುಂಡನ್ನು ತೆಗೆಯಲು ಮಾವನೇ ಬೇಕಾಯಿತು. ಅದನ್ನು ನಯವಾಗಿ ಕೊರೆದು ತೆಗೆದು, ಗ್ಯಾರೇಜಿನಿಂದ ಅದೇ ಅಳತೆಯ ಹೊಸದನ್ನು ತಂದು ಹಾಕಿದ. ಕಾಲಿನ ಬೋಲ್ಟುಗಳಿಗೆ ನೀರು ಕಡಿಮೆ ಮಾಡಿ, ಪೂರ್ತಿ ಸೈಕಲ್ಲನ್ನು ಮತ್ತೊಮ್ಮೆ ಬಿಗಿ ಮಾಡಿದರು. ಮೂರು ಗಂಟೆ ಹಿಡಿಯಿತು. ನೆಲವೆಲ್ಲ ಒದ್ದೆ. ಒರೆಸಿ ಒಣಗಿಸುವವರೆಗೆ ಅಮ್ಮ ಹತ್ತಿರ ಬರುವಂತಿಲ್ಲ ಎಂದು ಅಪ್ಪ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟ.

ಒಣಗಿದ ಮೇಲೂ ಅವಳು ಕೂಡಲೇ ಹತ್ತಲಿಲ್ಲ. ಎಡ ಪೆಡಲನ್ನು ಕೈಯಲ್ಲಿ ಹಿಡಿದು ಅಲುಗಿಸಿ ನೋಡಿದಳು. ಹೊಲಿಗೆ ಮುಗಿದ ಬಟ್ಟೆಯನ್ನು ಗಿರಾಕಿಗೆ ಕೊಡುವ ಮುನ್ನ ಅವಳು ಎಳೆದು ನೋಡುವ ರೀತಿ ಅದು.

"ಎಷ್ಟು ಕಿಲೋ ಅಂದ್ರಿ?"

"ಹತ್ತು" ಎಂದ ಅಪ್ಪ.

"ಸರಿಯಾಗಿ?"

"ಸರಿಯಾಗಿ."

ಹತ್ತಿದಳು. ಒಂದು ಬದಿಗೆ ಅಪ್ಪ, ಇನ್ನೊಂದು ಬದಿಗೆ ಮಾವ. "ದೂರ ಹೋಗ್ರೋ, ಗಾಳಿ ಬರ್ಲಿ" ಎಂದು ಗದರಿದಳು. ಹಿಂದಕ್ಕೆ ಒಂದು ಸುತ್ತು, ಎರಡು ಸುತ್ತು. ಆಮೇಲೆ ನಿಲ್ಲಿಸಿ, ತುಟಿ ಕಚ್ಚಿ, ಮುಂದಕ್ಕೆ ತುಳಿದಳು. ಮಂಡಿ ಮೇಲೇರಿ ಒಂದು ಕ್ಷಣ ನಿಂತು, ದಾಟಿ, ಇಳಿಯಿತು.

ಮುಂದಿನ ಎರಡು ವಾರದಲ್ಲಿ ಸೀಟು ಮೂರು ತೂತು ಇಳಿಯಿತು. ಎರಡು ಭಾನುವಾರ ಬಂದವು. ಎರಡೂ ಭಾನುವಾರ ಅಪ್ಪ ಮಾವನ ಸ್ಪ್ಯಾನರಿಗೆ ಬಕೆಟ್ಟು ಕಟ್ಟಿ ಪೆಡಲು ಪರೀಕ್ಷಿಸಿದ, ಮಾವ ಪಕ್ಕದಲ್ಲಿ ಕೂತು ಚಹಾ ಕುಡಿದ.

ಡಾಕ್ಟರ ಬಳಿ ಹೋದ ದಿನ ನಾನು ಅಮ್ಮನ ಜೊತೆ ಒಳಗೆ ಹೋದೆ. ಡಾಕ್ಟರು ಮಂಡಿ ಮಡಚಲೆಂದು ಎರಡೂ ಕೈ ಚಾಚಿದರು.

"ನೀವು ಕೈ ಹಾಕಬೇಡಿ" ಎಂದಳು ಅಮ್ಮ. "ನಾನೇ ಮಡಚ್ತೀನಿ. ನೀವು ಅಳೀರಿ."

ಹೊರಗೆ ಬೆಂಚಿನ ಮೇಲೆ ಅಪ್ಪ ಮತ್ತು ಮಾವ ಅಕ್ಕಪಕ್ಕ ಕೂತಿದ್ದರು. ನಮ್ಮನ್ನು ನೋಡಿ ಒಟ್ಟಿಗೇ ಎದ್ದರು.

"ಎಷ್ಟಕ್ಕಾ?"

"ನೂರ ಹನ್ನೆರಡು."

ಅಪ್ಪ ಕಣ್ಣೊರೆಸಿಕೊಂಡ. ಆಮೇಲೆ, ಕೈ ಸುಮ್ಮನಿರಲಾರದೆ ಅಂಗಿಯ ಗುಂಡಿ ತಿರುವುತ್ತ, "ಕೇಳಿದ್ದು ನೂರ ಹತ್ತಲ್ವೇನೇ?" ಎಂದ.

"ಹೂಂ. ನೂರ ಹತ್ತು ನಿಮ್ಮ ಲೆಕ್ಕದ್ದು" ಎಂದಳು ಅಮ್ಮ, ಕೋಲನ್ನು ಮಾವನ ಕೈಗೆ ಕೊಟ್ಟು ಮುಂದೆ ನಡೆಯುತ್ತ. "ಮೇಲಿನ ಎರಡು ನನ್ನ ತಮ್ಮನ 'ಇನ್ನೊಂದು ಚೂರು'."