ಹದಿನೇಳು ಮೆಟ್ಟಿಲಿನ ಅಡಿಗೆ ಒಂದು ಫ್ಲೆಕ್ಸ್

ನನಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಾಗಿಲ್ಲ. ಆದರೆ ಆ ದಿನದ ಕಾರಣ ಹದಿನಾಲ್ಕು ಅಡಿ ಉದ್ದವಿತ್ತು, ನಾಲ್ಕಡಿ ಅಗಲವಿತ್ತು. ಉಪ್ಪುಂದದ ರಂಜನ್ ಮನೆಯ ಹಾಲ್‌ನಲ್ಲಿ, ನಾನು ಡಿಸೈನ್ ಮಾಡಿದ ಮೆಟ್ಟಿಲಿನ ಅಡಿಗೆ, ಯಾರೋ ಒಂದು ಹಳೆಯ ಫ್ಲೆಕ್ಸ್ ಕಟ್ಟಿಬಿಟ್ಟಿದ್ದರು. ಕಬಡ್ಡಿ ಪಂದ್ಯಾಟಕ್ಕೆ ಶುಭ ಕೋರುತ್ತ ರಂಜನ್ ಕೈಮುಗಿದು ನಗುತ್ತಿದ್ದ ಫ್ಲೆಕ್ಸ್. ಮೂಲೆಮೂಲೆಗೂ ಬೋಟಿನ ಹಗ್ಗದ ಗಂಟು.

ನಾನು ಧನ್ಯಶ್ರೀ. ಕುಂದಾಪುರದಲ್ಲಿ ನನ್ನ ಆಫೀಸು, ಬ್ರಹ್ಮಾವರದಲ್ಲಿ ಸೂರನ ವೆಲ್ಡಿಂಗ್ ಶೆಡ್ಡು. ನಾನು ಗೆರೆ ಎಳೆಯುತ್ತೇನೆ, ಸೂರ ಬೆಸುಗೆ ಹಾಕುತ್ತಾನೆ. ತೇಲುವ ಮೆಟ್ಟಿಲು ನಮ್ಮ ಕಸುಬು. ಗೋಡೆಯೊಳಗೆ ಕಬ್ಬಿಣದ ತೊಲೆ ಅಡಗಿಸಿ, ಒಂದೊಂದೇ ಮೆಟ್ಟಿಲನ್ನು ಅದಕ್ಕೆ ಬೆಸೆದು ಹೊರಗೆ ಚಾಚುವುದು. ಕೆಳಗೆ ಕಂಬವಿಲ್ಲ, ಪಕ್ಕಕ್ಕೆ ಕೈಹಿಡಿ ಇಲ್ಲ. ನನ್ನ ವಿಶೇಷವೆಂದರೆ ಮೆಟ್ಟಿಲಿಗೆ ಹಲಗೆಯ ಬದಲು ಜಾಲರಿ ಹಾಕುವುದು. ಕಾರ್ಖಾನೆಗಳಲ್ಲಿ, ಹಡಗಿನ ಇಂಜಿನ್ ರೂಮಿನಲ್ಲಿ ಇರುತ್ತದಲ್ಲ, ಅಂಥ ಕಪ್ಪು ಕಬ್ಬಿಣದ ಜಾಲರಿ. ಮಾಡಿನ ಗಾಜಿನಿಂದ ಬಿದ್ದ ಬಿಸಿಲು ಹದಿನೇಳು ಮೆಟ್ಟಿಲುಗಳನ್ನೂ ತೂರಿಕೊಂಡು ಹಾಲ್‌ನ ನೆಲಕ್ಕೆ ಬೀಳುತ್ತದೆ. ಬಂದವರು ಬಾಯಿ ಬಿಟ್ಟು ನೋಡುತ್ತಾರೆ. ನೋಡಲಿ ಎಂದೇ ಮಾಡಿದ್ದು.

ಆ ದಿನ ನೋಡಬೇಕಾಗಿದ್ದವರು ಉಮಾನಾಥ. ಮುಂಬೈಯಲ್ಲಿ ಹೋಟೆಲ್ ನಡೆಸುವ ಈ ಮನುಷ್ಯ ಕೊಲ್ಲೂರು ರಸ್ತೆಯಲ್ಲಿ ಎಂಟು ವಿಲ್ಲಾ ಕಟ್ಟಿಸುತ್ತಿದ್ದರು. ರಂಜನ್ ಮನೆಯ ಸತ್ಯನಾರಾಯಣ ಪೂಜೆಗೆ ಬಂದು, ಮೆಟ್ಟಿಲು ನೋಡಿ, ಹನ್ನೆರಡಕ್ಕೆಲ್ಲ ಮಂಗಳೂರಿಗೆ ಹೊರಡುವವರು. ಆ ಎಂಟು ಮನೆ ಸಿಕ್ಕಿದರೆ ಸೂರನ ಶೆಡ್ಡಿಗೆ ಎರಡು ವರ್ಷ ಕೆಲಸ. ಹೆಣ್ಣಿಗೆ ಕಬ್ಬಿಣದ ಉಸಾಬರಿ ಯಾಕೆ ಎಂದು ಐದು ವರ್ಷದಿಂದ ಕೇಳುತ್ತಿದ್ದವರ ಬಾಯಿಗೂ ಬೀಗ. ನನಗೆ ಆ ಕೆಲಸ ಬೇಕಿತ್ತು. ಬೇಕೇ ಬೇಕಿತ್ತು.

"ಇದ್ಯಾರ್ ಕಟ್ಟಿದ್ದ್?" ಎಂದೆ.

"ಮೇಲಿಂದ ಸಾಮಾನ್ ಬೀಳ್ತ್ ಅಂದೇಳಿ ಅಮ್ಮ ಕಟ್ಟಿದ್ದ್ ಮೇಡಂ," ಎಂದು ರಂಜನ್ ತಲೆ ಕೆರೆದುಕೊಂಡ. ಗಂಗೊಳ್ಳಿಯಲ್ಲಿ ಎರಡು ಬೋಟು ಇರುವ ಗಂಡಸು ಅಮ್ಮನ ಹೆಸರು ಹೇಳಿ ಪಾರಾಗುತ್ತಿದ್ದ.

ಅಮ್ಮ ಸೀತಕ್ಕ ಅಡುಗೆಮನೆಯ ಬಾಗಿಲಿಗೆ ಬಂದರು. ಮೂವತ್ತು ವರ್ಷ ತಲೆಮೇಲೆ ಮೀನು ಬುಟ್ಟಿ ಹೊತ್ತು ಬೈಂದೂರು ಸುತ್ತಿದ ಹೆಂಗಸು. "ಅದ್ ಅಲ್ಲೇ ಇರ್ಲಿ ಮಗಾ. ಅದ್ರಿಂದ ನಿಂಗ್ ಎಂತ ಕಷ್ಟ?"

"ಹಾಂಗಾರೆ ಮೆಟ್ಲ್ ಎಂತಕ್ ಮಾಡ್ಸಿದ್ದ್ ಸೀತಕ್ಕ? ಫ್ಲೆಕ್ಸ್ ಕಾಂಬುಕಾ?" ಎಂದು ಅಡುಗೆಯವರ ಕತ್ತಿ ಕಸಿದುಕೊಂಡು ಹೋಗಿ ಹಗ್ಗ ಕೊಯ್ದೆ.

ಹಗ್ಗ ಬಿಟ್ಟುಕೊಂಡದ್ದೇ ತಡ, ಬೆಳಿಗ್ಗೆ ಮೆಟ್ಟಿಲು ಒರೆಸಿದ ನೀರು ಅಷ್ಟೂ ನನ್ನ ನೆತ್ತಿಗೆ. ಫಿನಾಯಿಲ್ ವಾಸನೆಯ ಕಪ್ಪು ನೀರು. ಜೊತೆಗೆ ಪಿನ್ನುಗಳು, ಒಂದು ಬಾಚಣಿಗೆ, ಬಾಡಿದ ಅಬ್ಬಲಿಗೆ ಹೂ, ಒಂದು ಬೆಳ್ಳಿಯ ಕಾಲುಂಗುರ. ನಾನು ಫ್ಲೆಕ್ಸನ್ನು ಮುದ್ದೆ ಮಾಡಿ ಅಂಗಳಕ್ಕೆ ಎಸೆದೆ. ಒದ್ದೆಯಾಗಿ ನಿಂತಿದ್ದರೂ ಮೆಟ್ಟಿಲನ್ನು ನೋಡಿ ನನಗೆ ಖುಷಿಯಾಯಿತು. ಬಿಸಿಲು ಸರಿಯಾಗಿ ಬೀಳುತ್ತಿತ್ತು.

ಆ ಜೀನ್ಸಿನಲ್ಲಿ ಪೂಜೆಗೆ ನಿಲ್ಲುವ ಹಾಗಿರಲಿಲ್ಲ. ರಂಜನ್ ಹೆಂಡತಿ ಮೋಹಿನಿಯ ರವಿಕೆ ನನ್ನ ತೋಳಿಗೂ ಏರುವಂತಿರಲಿಲ್ಲ. ಕೊನೆಗೆ ಸೀತಕ್ಕನೇ ತಮ್ಮದೊಂದು ಸೀರೆ, ಲಂಗ, ಇಬ್ಬರು ಹಿಡಿಯುವಂಥ ರವಿಕೆ ತಂದುಕೊಟ್ಟರು. ಕೆಳಗಿನ ಕೋಣೆಗಳಲ್ಲಿ ಭಟ್ಟರ ಸಾಮಾನು, ಅಡುಗೆಯವರ ಪಾತ್ರೆ. ಮೋಹಿನಿ ನನ್ನನ್ನು ಮೇಲಕ್ಕೆ ಕರೆದುಕೊಂಡು ಹೋದಳು. ಹೋಗುವ ಮೊದಲು ಹೊರಗೆ ಒಮ್ಮೆ, ಗಡಿಯಾರದತ್ತ ಒಮ್ಮೆ ನೋಡಿದಳು. "ಬೇಗ ಹತ್ತಿ ಅಕ್ಕ," ಎಂದಳು. ಅವಸರ ಯಾಕೆಂದು ನಾನು ಕೇಳಲಿಲ್ಲ.

ಸೀರೆ ಉಟ್ಟು ನನಗೆ ರೂಢಿಯಿಲ್ಲ. ಮೋಹಿನಿ ಮೊಣಕಾಲೂರಿ ಕೂತು ನೆರಿಗೆ ಹಿಡಿದಳು. ನಾನು ಕಾಲುಂಗುರ ಕೊಟ್ಟೆ.

"ಸಿಕ್ಕಿತಾ! ಜಾಲರಿಗ್ ಸಿಕ್ಕಂಡ್ ಬಿದ್ದಿತ್. ಈಗ ನಾನ್ ಹಾಕಂಬ್ದೇ ಇಲ್ಲ," ಎಂದು ಅದನ್ನು ಕಪಾಟಿನೊಳಗೆ ಇಟ್ಟಳು.

ಕೆಳಗೆ ಗಲಾಟೆ ಜೋರಾಯಿತು. ಎರಡು ಬೋಟಿನವರೂ ಬಂದಿದ್ದರು. ಸುಮಾರು ಮೂವತ್ತು ಗಂಡಸರು. ನಾನು ಸೆರಗು ಸರಿಮಾಡಿಕೊಂಡು ಹೊರಗೆ ಬಂದು, ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟೆ.

ಜಾಲರಿಯ ತೂತುಗಳಲ್ಲಿ ತಲೆಗಳು ಕಂಡವು. ನೇರ ನನ್ನ ಪಾದದ ಅಡಿಗೆ. ರಂಜನ್ ತನ್ನ ಸೋಫಾ ಸೆಟ್ ಪೂರ್ತಿ ಮೆಟ್ಟಿಲಿನ ಕೆಳಗೇ ಜೋಡಿಸಿದ್ದ. ಒಬ್ಬಾತ ಕತ್ತು ಎತ್ತಿ ಆಕಳಿಸಿದ. ಪಾಪ, ಅವನು ನೋಡಿದ್ದು ಮಾಡಿನ ಗಾಜನ್ನೋ ಏನೋ. ಆದರೆ ನನ್ನ ಕಾಲು ತಾನಾಗಿ ಹಿಂದಕ್ಕೆ ಬಂತು. ಮೇಲಿನ ಅಷ್ಟು ಬೆಳಕಿಗೆ ಬೆನ್ನು ಕೊಟ್ಟು, ಲಂಗದ ಕೆಳಗೆ ಬರೀ ಗಾಳಿ ಇಟ್ಟುಕೊಂಡು, ಆ ಮೂವತ್ತು ತಲೆಗಳ ಮೇಲೆ ಹದಿನೇಳು ಮೆಟ್ಟಿಲು ಇಳಿಯಬೇಕು. ಐದು ವರ್ಷ ಜೀನ್ಸ್ ಹಾಕಿಕೊಂಡೇ ಮೆಟ್ಟಿಲು ಹತ್ತಿ ಇಳಿದವಳಿಗೆ ಇದು ಹೊಳೆದಿರಲಿಲ್ಲ. ನಾನೂ ಹೆಣ್ಣೇ ಅಲ್ಲವೇ?

ತಿರುಗಿ ನೋಡಿದರೆ ಮೋಹಿನಿ ಕೋಣೆಯ ಬಾಗಿಲಲ್ಲೇ ನಿಂತಿದ್ದಳು. ಹೊರಗೆ ಬಂದೇ ಇರಲಿಲ್ಲ.

"ಫ್ಲೆಕ್ಸ್ ಕಟ್ಟಿದ್ದ್ ಇದ್ಕೇ ಅಲ್ದಾ?" ಎಂದೆ.

"ಹೌದ್. ಅತ್ತೆ ಕಟ್ಟಿದ್ರ್. ಅದ್ ಕಟ್ಟೂಕ್ ಮೊದ್ಲ್ ನಾನ್ ಐದ್ ಗಂಟಿಗ್ ಇಳ್ದ್, ಅಡ್ಗಿ ಮಾಡಿ, ಬೋಟಿನೋರ್ ಲೆಕ್ಕಕ್ ಬಪ್ಪ ಮೊದ್ಲೇ ಹತ್ತಿ ಬತ್ತಿದ್ದೆ. ಮತ್ ಅವ್ರೆಲ್ಲ ಹೋದ್ಮೇಲೇ ಇಳೂದ್. ಒಂದೊಂದ್ ದಿನ ಮಧ್ಯಾಹ್ನ ಮೂರ್ ಗಂಟಿ ಆತಿತ್."

"ಊಟ?"

"ಬಿಸ್ಕೀಟ್ ಇಟ್ಕಂತಿದ್ದೆ."

"ನಂಗ್ ಒಂದ್ ಮಾತ್ ಹೇಳೂಕಾಯ್ಲಿಲ್ಯಾ ಮೋಹಿನಿ?"

ಅವಳಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. "ನೀವ್ ಮೆಟ್ಲಿನ್ ವಿಷ್ಯ ಅವ್ರತ್ರ ಮಾತಾಡಿದ್ದ್ ಅಕ್ಕ. ನನ್ನತ್ರ ಕೇಂಡಿದ್ದ್ ಕರ್ಟನ್ ಬಣ್ಣ ಮಾತ್ರ."

ನಿಜ. ಹಸಿರು ಬೇಕು ಅಂದಿದ್ದಳು. ನಾನು ಅದನ್ನೂ ಬೂದು ಮಾಡಿಸಿದ್ದೆ.

"ಹಿಂದಿನಿಂದ ಒಂದ್ ಮೆಟ್ಲ್ ಇದ್ದಿತಲ್ಲ? ಹಳೆ ಪ್ಲಾನಿನಲ್ಲಿ?"

"ಅದನ್ ತೆಗ್ಸಿದ್ದ್ ನೀವೇ. ಹೊರಗಿಂದ ಕಾಂಬುಕೆ ಚೆಂದ ಇಲ್ಲ ಅಂದೇಳಿ."

ಕೆಳಗೆ ಉಮಾನಾಥರ ಧ್ವನಿ ಕೇಳಿತು. ಹನ್ನೊಂದೂಕಾಲು. ನಾನು ಮೊಬೈಲ್ ಕಿವಿಗಿಟ್ಟು, ಅರ್ಜೆಂಟ್ ಫೋನಿನಲ್ಲಿರುವವಳ ಹಾಗೆ ಮೇಲಿನ ಅಂಚಿನಲ್ಲಿ ಸುಳಿದಾಡಿ, ಅವರಿಗೆ ಕೈಸನ್ನೆ ಮಾಡಿ ಒಳಗೆ ಸರಿದೆ. ಹೀಗೆ ಇಪ್ಪತ್ತು ನಿಮಿಷ. ಯಾರೂ ಇಲ್ಲದ ಫೋನಿಗೆ ಸಿಮೆಂಟು, ಕಬ್ಬಿಣ ಎಂದು ಬಡಬಡಿಸಿದೆ. ಮೋಹಿನಿ ಮಂಚದ ಮೇಲೆ ಕೂತು ನೋಡುತ್ತಿದ್ದಳು. ಈ ನಾಟಕವೆಲ್ಲ ಅವಳು ಯಾವಾಗಲೋ ಮುಗಿಸಿದ್ದಳೆಂದು ಕಾಣುತ್ತದೆ. ಆ ಕೋಣೆಗೆ ದೊಡ್ಡ ಕಿಟಕಿ ಇಟ್ಟವಳು ನಾನೇ, ಸಮುದ್ರ ಕಾಣಲಿ ಎಂದು. ಸಮುದ್ರ ಕಾಣುತ್ತಿತ್ತು. ಇಳಿಯುವ ದಾರಿ ಮಾತ್ರ ಇರಲಿಲ್ಲ.

"ಯಜಮಾನ್ತಿ ಎಲ್ಲಿ? ಸಂಕಲ್ಪಕ್ಕೆ ಕೂಕಣ್ಕ್, ಹೊತ್ತ್ ಮೀರ್ತಾ ಇತ್ತ್!" ಎಂದು ಭಟ್ಟರು ಕೂಗಿದರು.

"ಮೋಹಿನೀ, ಎಂತ ಮಾಡ್ತಿದ್ದೆ? ಬಾ!" ಇದು ರಂಜನ್.

ಮೋಹಿನಿ ಎದ್ದು ನಿಂತು ಸೀರೆಯನ್ನು ಎರಡೂ ಕೈಯಲ್ಲಿ ಕಾಲಿಗೆ ಒತ್ತಿ ಹಿಡಿದಳು. ಹಾಗೆ ಹಿಡಿದರೆ ಹೆಜ್ಜೆ ಎತ್ತಲು ಬರುವುದಿಲ್ಲ, ಪಕ್ಕಕ್ಕೆ ಹಿಡಿದುಕೊಳ್ಳಲು ನಾನು ಏನನ್ನೂ ಇಟ್ಟಿರಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು. ಅವಳನ್ನು ದಾಟಿ ನಾನು ಮೆಟ್ಟಿಲಿನ ತಲೆಯ ಬಳಿ ಹೋದೆ.

ಉಮಾನಾಥ ಸೋಫಾದಿಂದ ಎದ್ದು, ಮೆಟ್ಟಿಲಿನ ನೇರ ಕೆಳಗೆ ನಿಂತು, ಮೊಬೈಲನ್ನು ಮೇಲಕ್ಕೆ ಹಿಡಿದಿದ್ದರು.

"ಮೇಡಂ, ಇದೇ ಆಂಗಲ್ ಅಲ್ದಾ, ನೀವ್ ವೆಬ್‌ಸೈಟಿನಲ್ ಹಾಕಿದ್ದ್? ಎಂಟ್ ವಿಲ್ಲಾಕ್ಕೂ ಇದೇ ಮೆಟ್ಲ್. ಒಂದ್ ನಟ್ ಬದಲ್ ಮಾಡೂದ್ ಬೇಡ. ಇಳ್ದ್ ಬನಿ, ನೀವ್ ಇಳೂದನ್ನೇ ವಿಡಿಯೋ ಮಾಡ್ತೆ, ಪಾರ್ಟ್ನರಿಗ್ ಕಳ್ಸುಕೆ."

ಮೂವತ್ತು ತಲೆಗಳೂ ಮೇಲಕ್ಕೆ ಎದ್ದವು.

ನಾನು ಐದು ವರ್ಷ ಕಾದ ಮಾತು ಅದು. ಹೇಗಾದರೂ ಮಾಡಿ ಇಳಿದುಬಿಡು ಎಂದಿತು ಮನಸ್ಸು; ಒಂದು ನಿಮಿಷದ ಕೆಲಸ, ಯಾರು ನೋಡುತ್ತಾರೆ. ಇಳಿಯಬಹುದಿತ್ತೇನೋ. ಆದರೆ ನಾನು ಇಳಿದರೆ ನನ್ನ ಹಿಂದೆ ಮೋಹಿನಿಯೂ ಇಳಿಯಲೇಬೇಕು. ಆಮೇಲೆ ಕೊಲ್ಲೂರು ರಸ್ತೆಯ ಎಂಟು ಮನೆಗಳಲ್ಲಿ ಯಾರು ಯಾರೋ.

"ಉಮಾನಾಥಣ್ಣ, ಮೊಬೈಲ್ ಕೆಳಗಿಡಿ," ಎಂದೆ. "ಕೆಳಗ್ ಗಂಡ್ಸ್ರ್ ಕೂಕಂಡಿದ್ರೆ ಸೀರಿ ಉಟ್ಟೋರಿಗ್ ಈ ಮೆಟ್ಲ್ ಇಳೂಕಾತಿಲ್ಲ. ನಂಗೂ ಆತಿಲ್ಲ, ಮೋಹಿನಿಗೂ ಆತಿಲ್ಲ. ಎಲ್ಲಾ ಕಾಣ್ತ್. ತಪ್ಪ್ ನಂದ್."

ಭಟ್ಟರು ಕಲಶದ ಕಡೆ ತಿರುಗಿಕೊಂಡರು. ಬೋಟಿನವರು ತಮ್ಮ ತಮ್ಮ ಕಾಲು ನೋಡಿಕೊಂಡರು. ಫ್ಲೆಕ್ಸ್ ಕಟ್ಟುವ ಮೊದಲು ಎರಡು ತಿಂಗಳು ಹೆಂಡತಿ ಹಗಲಲ್ಲಿ ಯಾಕೆ ಕೆಳಗೆ ಬರುತ್ತಿರಲಿಲ್ಲ ಎಂಬುದು ರಂಜನ್‌ಗೆ ಆಗ ಗೊತ್ತಾಯಿತು ಎಂದು ನಾನು ಎಣಿಸಿದ್ದೇನೆ.

ಮಾತಾಡಿದವರು ಸೀತಕ್ಕ. "ಹ್ವಾಯ್ ರಂಜನಾ, ಎಂತ ಕಂಬದ್ ಹಾಂಗೆ ನಿಂತಿದ್ದೆ? ಅಂಗಳದಲ್ ನಿನ್ ಫ್ಲೆಕ್ಸ್ ಬಿದ್ದಿತ್, ತಕಂಡ್ ಬಾ! ಉಳ್ದೋರೆಲ್ಲ ಮೂಲಿ ಮೂಲಿ ಹಿಡಿನಿ. ಬಲೆ ಹಿಡೂಕ್ ಬತ್ತ್, ಇದನ್ ಹಿಡೂಕ್ ಬತ್ತಿಲ್ಯಾ?"

ಬಲೆ ಎಳೆದು ಪಳಗಿದ ಆರು ಜನ ಫ್ಲೆಕ್ಸ್ ಎತ್ತಿ ಮೆಟ್ಟಿಲಿನ ಅಡಿಗೆ ಬಿಗಿಯಾಗಿ ಹಿಡಿದು ನಿಂತರು, ಮುಖವನ್ನು ಗೋಡೆಗೆ ತಿರುಗಿಸಿಕೊಂಡು. ಅವಸರದಲ್ಲಿ ಮಗುಚಿ ಹಿಡಿದಿದ್ದರು. ರಂಜನ್ ಮುಖ ಮೇಲಕ್ಕಾಗಿತ್ತು. ಮೋಹಿನಿ ಕಣ್ಣು ಒರೆಸಿಕೊಂಡು, ನನ್ನ ಕೈ ಹಿಡಿದು ಮೊದಲ ಮೆಟ್ಟಿಲು ಇಳಿದಳು. ಕೈಮುಗಿದು ನಗುವ ಗಂಡನ ಮೇಲೆ ಒಂದೊಂದೇ ಹೆಜ್ಜೆ ಇಟ್ಟು, ತುಂಬಿದ ಹಾಲ್‌ಗೆ ಇಳಿದಳು. ಹಿಂದೆ ನಾನು.

ಮಂಗಳಾರತಿಗೆ ಮೊದಲೇ ಉಮಾನಾಥ ಹೊರಟರು. ನಾನು ಗೇಟಿನವರೆಗೂ ಹೋದೆ. "ಮರದ ಹಲಗೆ ಹಾಕಿ, ಹಿಂದೆ ಮುಚ್ಚಿ, ಕೈಹಿಡಿ ಇಟ್ಟ್ ಮಾಡಿಕೊಡ್ತೆ," ಎಂದೆ.

"ಅದ್ ಎಲ್ಲಾ ಕಡೆ ಸಿಕ್ಕತ್ತಲ್ಲ ಮೇಡಂ. ನಾನ್ ಬಂದದ್ದ್ ಇದನ್ ಕಂಡ್ಕಂಡ್," ಎಂದರು. ಒಳ್ಳೆಯ ಮನುಷ್ಯ, ಬೇಸರದಿಂದಲೇ ಹೇಳಿದರು. ಕಾರು ಹೈವೇಗೆ ಏರಿತು. ನನಗೆ ಅಳು ಬಂತು, ಅತ್ತುಬಿಟ್ಟೆ. ಸೂರನಿಗೆ ಏನು ಹೇಳುವುದು?

ಊಟ ಮುಗಿಸಿ, ಸೀತಕ್ಕನ ಸೀರೆಯಲ್ಲೇ ಸೂರನ ಶೆಡ್ಡಿಗೆ ಹೊರಟೆ. ಉಪ್ಪುಂದದ ಮೆಟ್ಟಿಲು ಮುಚ್ಚಲು ಹಲಗೆಯ ಅಳತೆ ಕೊಡಬೇಕಿತ್ತು. ಸಾಸ್ತಾನದ ಟೋಲ್‌ನಲ್ಲಿ ಉದ್ದ ಸಾಲು. ಮುಂದೆ ಲಾರಿ, ಹಿಂದೆ ಬಸ್ಸು. ಅಲ್ಲಿ ಸಿಕ್ಕಿಬಿದ್ದು ಕೂತಾಗ ಎಣಿಸಿದೆ: ಜಾಲರಿ ಮೆಟ್ಟಿಲು ರಂಜನ್ ಮನೆಯೊಂದರಲ್ಲಿ ಮಾತ್ರವಲ್ಲ, ಇನ್ನೂ ಹನ್ನೊಂದು ಮನೆಯಲ್ಲಿದೆ. ಮೊದಲನೆಯದು ಬ್ರಹ್ಮಾವರದ ರತೀಶ್ ಮತ್ತು ಅವರ ಹೆಂಡತಿ ಕ್ಷಮಾ ಅವರದ್ದು, ನಾಲ್ಕು ವರ್ಷ ಹಿಂದಿನದು. ಫೋನ್ ಮಾಡಿದೆ. ಹಿಂದೆ ತುಂಬ ಜನ ಮಾತಾಡುವ ಸದ್ದು ಕೇಳಿಸಿತು.

"ಮೆಟ್ಲಾ? ಎಂತ ತೊಂದ್ರೆಯೂ ಇಲ್ಲ ಮೇಡಂ. ಬಂದೋರೆಲ್ಲ ಹೊಗಳ್ತ್ರ್. ಈಗ್ಳೂ ನೆಂಟ್ರ್ ಬಂದಿದ್ರ್, ಅದ್ರಡಿಗೇ ಕೂಕಂಡಿದ್ರ್."

"ಕ್ಷಮಾ ಎಲ್ಲಿ? ಒಂಚೂರ್ ಫೋನ್ ಕೊಡಿ."

"ಕ್ಷಮಾ ಮೇಲಿತ್ತ್," ಎಂದರು ರತೀಶ್ ನಗುತ್ತ. "ಅದ್ ಯಾವಾಗ್ಳೂ ಮೇಲೇ ಮೇಡಂ. ಕೆಳಗ್ ಬಪ್ದೇ ಕಮ್ಮಿ."