ನೂರಾ ಹದಿನೆಂಟನೇ ಸಾಲು

ಆ ಗುರುವಾರ ಹೆಬೆರ್‌ಗೆ ಮಾಡಲು ಬೇರೆ ಕೆಲಸವಿರಲಿಲ್ಲ, ಅಷ್ಟೇ. ಕೆಲಸವಿದ್ದಿದ್ದರೆ ನಿಬಿಯಾ ಒಲಿವೇರಾ ಇವತ್ತಿಗೂ ಸಾಲ್ಟೊ ಊರಿನಲ್ಲಿ ತಲೆ ಎತ್ತಿಕೊಂಡು ಓಡಾಡುತ್ತಿದ್ದಳು.

ಅವರಿಬ್ಬರದು ಒಂದೇ ಕೋಣೆಯ ಕಂಪನಿ. ಆಸ್ಪತ್ರೆಗಳ ಔಷಧಿ ಬೀರುಗಳಿಗೆ ಬೀಗ ಮಾಡಿಕೊಡುವುದು ಕಸುಬು. ತಂತಿ, ಗುಂಡಿ, ಚಿಲಕ ಎಲ್ಲ ಹೆಬೆರ್‌ನದು. ಒಳಗಿನ ಬುದ್ಧಿ ನಿಬಿಯಾಳದು. ಉಗುರಿನಷ್ಟು ಚಿಪ್, ಅದರಲ್ಲಿ ಜಾಗವೂ ಅಷ್ಟಕ್ಕಷ್ಟೇ. ಹಾಗಾಗಿ ಎಲ್ಲವನ್ನೂ ಸಿ ಭಾಷೆಯಲ್ಲಿ, ಒಂದೊಂದು ಬೈಟನ್ನೂ ಕೈಯಾರೆ ಹೊಂದಿಸಿ ಬರೆದಿದ್ದಳು. ಬರೆದದ್ದರ ಬಗ್ಗೆ ಅವಳಿಗೆ ಜಂಬವಿತ್ತು. ಇರಲಿ ಬಿಡಿ, ಜಂಬ ಪಡುವಂಥದ್ದೇ ಆಗಿತ್ತು.

ನರ್ಸ್ ಬಂದು ತನ್ನ ನಂಬರ್ ಒತ್ತಬೇಕು, ಆಮೇಲೆ ತನ್ನ ಗುಟ್ಟಿನ ಪದ ಒತ್ತಬೇಕು. ಬೀರು ಆ ಪದವನ್ನು ಎಲ್ಲೂ ಬರೆದಿಟ್ಟುಕೊಳ್ಳುವುದಿಲ್ಲ. ಪ್ರತಿಯೊಬ್ಬರಿಗೂ ಒಂದೊಂದು ಹಿಡಿ ಬೇರೆ ಬೇರೆ ಅಂಕಿಗಳನ್ನು ಇಟ್ಟಿರುತ್ತದೆ. ಕಸುಬಿನವರು ಅದನ್ನು ಉಪ್ಪು ಎನ್ನುತ್ತಾರೆ. ಪದಕ್ಕೆ ಉಪ್ಪು ಬೆರೆಸಿ ನುಣ್ಣಗೆ ಬೀಸಿ, ಮೂವತ್ತೆರಡು ಬೈಟಿನ ಹಿಟ್ಟನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಹಿಟ್ಟಿನಿಂದ ಕಾಳಿಗೆ ವಾಪಸು ಹೋಗುವ ದಾರಿಯಿಲ್ಲ. ಮರುದಿನ ನರ್ಸ್ ಬಂದಾಗ ಮತ್ತೆ ಅದೇ ಉಪ್ಪು ಹಾಕಿ ಬೀಸಿ, ಎರಡು ಹಿಟ್ಟನ್ನೂ ಹೋಲಿಸಿ ನೋಡುತ್ತದೆ. ಒಂದೇ ಆಗಿದ್ದರೆ ಬಾಗಿಲು ತೆರೆಯುತ್ತದೆ.

"ಲೇ ನಿಬಿಯಾ, ನಿನ್ನ ಬೀರು ಸುಳ್ಳಿಗೂ ಬಾಗಿಲು ತೆಗೀತದೆ ಕಣೇ," ಎಂದ ಹೆಬೆರ್, ಮಾತೆ ಎಂಬ ಕಹಿ ಸೊಪ್ಪಿನ ಚಹಾ ಹೀರುತ್ತಾ.

"ಏನಂದೆ?"

"ಬೇಜಾರಾಗಿತ್ತು. ಆ ಕ್ಲಿನಿಕ್ಕಿನೋರ ಉಪ್ಪು, ಹಿಟ್ಟಿನ ಹಳೇ ಪಟ್ಟಿ ಇತ್ತಲ್ಲ, ವಿಚಾರಣೆಗೆ ಅಂತ ತೆಗೆದಿಟ್ಟಿದ್ದು? ಇನ್ನೂರ ಹದಿಮೂರು ಜನರ ಹೆಸರಲ್ಲೂ ತಲಾ ಸಾವಿರ ತಪ್ಪು ಪದ ಹಾಕಿಸ್ದೆ. ಎಲ್ಲಾ ಕಡೆ ಉಗಿದು ಕಳಿಸ್ತು. ಒಂದೇ ಒಂದು ನಂಬರಿಗೆ ಮಾತ್ರ ನಾಲ್ಕು ಸಲ ತೆಗೀತು."

"ನಿನ್ನ ಪರೀಕ್ಷೇನೇ ತಪ್ಪಿರ್ತದೆ. ಬೆಸುಗೆ ಹಾಕೋನು ಬೆಸುಗೆ ಹಾಕ್ಕೊಂಡಿರು, ನನ್ನ ಕೋಡಿಗೆ ಮೂಗು ತೂರಿಸಬೇಡ."

"ಆಯ್ತು ಮಹಾರಾಣಿ. ಆ ಮೇಜಿನ ಮೇಲಿರೋ ಬೀರುಗೆ ಪಟ್ಟಿ ತುಂಬಿಸಿದೀನಿ. ನೂರಾ ಹದಿನೆಂಟು ಅಂತ ಒತ್ತು. ಆಮೇಲೆ 'ಕುಂಬಳಕಾಯಿ' ಅಂತ ಒತ್ತು."

ಒತ್ತಿದಳು. ಚಿಲಕ ಟಕ್ಕೆಂದು ಸರಿಯಿತು. ಬೀರುವಿನ ಬಾಗಿಲು ಎರಡು ಬೆರಳಷ್ಟು ತೆರೆದುಕೊಂಡು ನಿಂತಿತು.

ನಿಬಿಯಾ ಬೀರುವಿನ ಮೇಲೆ ಬಗ್ಗಿದಳು. ಮುಚ್ಚಿ ಮತ್ತೊಮ್ಮೆ ಒತ್ತಿದಳು. ಮತ್ತೆ ತೆರೆಯಿತು. 'ಸೋರೆಕಾಯಿ' ಎಂದು ಒತ್ತಿದರೆ ತೆರೆಯಲಿಲ್ಲ. 'ಕುಂಬಳಕಾಯಿ'ಗೆ ಮೂರನೇ ಸಲವೂ ತೆರೆಯಿತು. ಅವಳು ಹೆದರಿದ್ದು ಬಾಗಿಲು ತೆರೆದದ್ದಕ್ಕಲ್ಲ. ನೂರಾ ಹದಿನೆಂಟು ಯಾರ ನಂಬರೆಂದು ಪಟ್ಟಿ ನೋಡದೆಯೇ ಅವಳಿಗೆ ಗೊತ್ತಿತ್ತು.

ವಿಲ್ಮಾರ್ ತೆಚೇರಾ, ಊರವರ ಬಾಯಲ್ಲಿ ಗೌರವದ 'ದೋನ್ ವಿಲ್ಮಾರ್'. ಇಪ್ಪತ್ತಾರು ವರ್ಷ ಅದೇ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದವನು. ಹದಿನಾಲ್ಕು ತಿಂಗಳ ಹಿಂದೆ ಬೀರುವಿನಿಂದ ಏಳು ಸಲ ಮಾರ್ಫಿನ್ ಕಾಣೆಯಾಯಿತು. ಏಳು ಸಲವೂ ಬಾಗಿಲು ತೆರೆದದ್ದು ನೂರಾ ಹದಿನೆಂಟರ ಹೆಸರಿನಲ್ಲಿ. ವಿಚಾರಣೆಗೆ ನಿಬಿಯಾಳನ್ನು ಕರೆಸಿದ್ದರು. ಬೇಸರದಿಂದಲೇನೂ ಹೋಗಿರಲಿಲ್ಲ ಪುಣ್ಯಾತ್ಗಿತ್ತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೋಗಿದ್ದಳು. ಉಪ್ಪು, ಬೀಸುವುದು, ಹಿಟ್ಟು ಎಲ್ಲವನ್ನೂ ಮಕ್ಕಳಿಗೂ ಅರ್ಥವಾಗುವಂತೆ ವಿವರಿಸಿದ್ದಳು. ಕೊನೆಯಲ್ಲಿ ವಿಲ್ಮಾರ್ ಎದ್ದು ನಿಂತು ಒಂದೇ ಮಾತು ಕೇಳಿದ್ದ.

"ಮಗಳೇ, ಮಿಷನ್ನೇ ತಪ್ಪಿರಬಹುದಾ?"

"ಸಾಧ್ಯವೇ ಇಲ್ಲ ದೋನ್ ವಿಲ್ಮಾರ್. ಆ ಪದ ನಿಮ್ಮ ತಲೇಲಿ ಬಿಟ್ರೆ ಈ ಭೂಮಿ ಮೇಲೆ ಇನ್ನೆಲ್ಲೂ ಇಲ್ಲ. ನೀವು ಯಾರಿಗಾದ್ರೂ ಹೇಳಿದ್ರಾ?"

"ಇಲ್ಲ," ಎಂದು ಕೂತಿದ್ದ. ಎರಡು ದಿನ ಬಿಟ್ಟು ತಪ್ಪೊಪ್ಪಿಗೆಗೆ ಸಹಿ ಹಾಕಿದ. ಕೆಲಸ ಹೋಯಿತು, ನರ್ಸ್ ಪರವಾನಗಿಯೂ ಹೋಯಿತು. ನಿಬಿಯಾ ಅದನ್ನು ಕೇಳಿ ಅಯ್ಯೋ ಪಾಪ ಎಂದುಕೊಂಡಿದ್ದಳು, ಆದರೆ ಒಳಗೊಳಗೇ ಬೀಗಿದ್ದಳು.

ಈಗ ತಾನು ಬರೆದದ್ದನ್ನು ತೆರೆದು ಓದತೊಡಗಿದಳು. ಉಪ್ಪು ಸರಿಯಿತ್ತು. ಬೀಸುವುದು ಸರಿಯಿತ್ತು. ಕೊನೆಗೆ ಎರಡು ಹಿಟ್ಟನ್ನು ಹೋಲಿಸುವ ಒಂದೇ ಒಂದು ಸಾಲು ಕಣ್ಣಿಗೆ ಬಿತ್ತು. ಅಲ್ಲಿ ಅಕ್ಷರಗಳನ್ನು ಹೋಲಿಸುವ ಆಜ್ಞೆಯನ್ನು ಹಾಕಿದ್ದಳು. ಸಿ ಭಾಷೆಯಲ್ಲಿ ಬರಹ ಮುಗಿಯಿತು ಎಂಬುದಕ್ಕೆ ಗುರುತು ಸೊನ್ನೆ. ಸೊನ್ನೆ ಕಂಡ ಕೂಡಲೇ ಆ ಆಜ್ಞೆ ಓದುವುದನ್ನು ನಿಲ್ಲಿಸಿಬಿಡುತ್ತದೆ. ಬರಹಕ್ಕೆ ಅದು ಸರಿ. ಹಿಟ್ಟು ಬರಹವಲ್ಲ, ಅದರಲ್ಲಿ ಸೊನ್ನೆ ಎಲ್ಲಿ ಬೇಕಾದರೂ ಬರಬಹುದು. ವಿಲ್ಮಾರನ ಹಿಟ್ಟಿನಲ್ಲಿ ಮೊದಲ ಬೈಟೇ ಸೊನ್ನೆ. ಯಾರೇ ಏನೇ ಒತ್ತಲಿ, ಅದರ ಹಿಟ್ಟೂ ಸೊನ್ನೆಯಿಂದ ಶುರುವಾದರೆ ಸಾಕು, ಬೀರು ಮುಂದೆ ಓದುವುದೇ ಇಲ್ಲ, ಎರಡೂ ಒಂದೇ ಎಂದು ಬಾಗಿಲು ತೆಗೆಯುತ್ತದೆ. ಸರಾಸರಿ ಇನ್ನೂರ ಐವತ್ತಾರು ತಪ್ಪು ಪದಗಳಲ್ಲಿ ಒಂದು ಹಾಗಿರುತ್ತದೆ. ಯಾರೋ ಸಿಕ್ಕಿದ ನಂಬರಿಗೆಲ್ಲ ಸಿಕ್ಕಿದ ಪದ ಒತ್ತುತ್ತಾ ಹೋಗಿದ್ದಾರೆ, ಒಂದು ಹಿಡಿದಿದೆ. ಒಮ್ಮೆ ಹಿಡಿದದ್ದು ಪ್ರತಿ ಸಲವೂ ಹಿಡಿಯುತ್ತದೆ.

ಕಾಲೇಜಿನ ಮೊದಲ ವರ್ಷದ ಹುಡುಗಿಯೂ ಮಾಡಬಾರದ ತಪ್ಪು.

"ಒಂದು ಸಾಲು ತಾನೇ? ತಿದ್ದು, ಮುಗೀತು," ಎಂದ ಹೆಬೆರ್. ಅವನ ಮುಖವೂ ಬಿಳಿಚಿತ್ತು. "ನೋಡು, ಅವನೇ ಒಪ್ಕೊಂಡಿದಾನೆ. ಸಹಿ ಇದೆ. ಕದಿಯದೇ ಇದ್ದೋನು ಯಾಕೆ ಒಪ್ಕೋತಾನೆ ಹೇಳು? ಸುಮ್ನೆ ಬಾಯಿ ಬಿಟ್ರೆ ನಮ್ಮ ಅಂಗಡಿ ಮುಚ್ತದೆ ಅಷ್ಟೇ."

ನಾಚಿಕೆಗೇಡು, ಆದರೂ ಹೇಳಲೇಬೇಕು: ಆ ಮಾತು ನಿಬಿಯಾಗೆ ಹಿತವಾಗಿತ್ತು. ಹೌದಲ್ಲ, ಒಪ್ಪಿಕೊಂಡಿದ್ದಾನಲ್ಲ. ಬೀರು ಕೆಟ್ಟಿದ್ದರೂ ಕದ್ದವನು ಅವನೇ ಇರಬಹುದಲ್ಲ. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಸಾಲನ್ನು ತಿದ್ದಿದಳು, ಮನೆಗೆ ಹೋದಳು, ಉಂಡಳು. ಆದರೆ ಯಾಕೆ ಒಪ್ಪಿಕೊಂಡ ಎಂಬುದು ಮಾತ್ರ ತಲೆ ಬಿಟ್ಟು ಹೋಗಲಿಲ್ಲ. ಅದನ್ನು ಹೇಳಬಲ್ಲವನು ಒಬ್ಬನೇ.

ಶುಕ್ರವಾರ ಮಧ್ಯಾಹ್ನ ಊರಾಚೆಯ ಕಿತ್ತಳೆ ಕೊಠಾರದಲ್ಲಿ ಅವನು ಸಿಕ್ಕಿದ. ಓಡುವ ಪಟ್ಟೆಯ ಮೇಲೆ ಉರುಳಿ ಬರುವ ಹಣ್ಣುಗಳಲ್ಲಿ ಕೊಳೆತದ್ದನ್ನು ಆರಿಸುವ ಕೆಲಸ. ಊಟದ ಬಿಡುವಿನಲ್ಲಿ ಖಾಲಿ ಪೆಟ್ಟಿಗೆಯ ಮೇಲೆ ಕೂತಿದ್ದ. ಅವಳನ್ನು ನೋಡಿದ ತಕ್ಷಣ ಎದ್ದು, ಕೈ ಒರೆಸಿಕೊಂಡು, ಇನ್ನೊಂದು ಪೆಟ್ಟಿಗೆ ಎಳೆದು ಹಾಕಿದ.

"ಬಾ ಮಗಳೇ, ಕೂತ್ಕೋ. ಎಷ್ಟು ಸೊರಗಿದೀಯಾ."

ಅವಳು ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲವೆಂದು ನಿಂತೇ ಎಲ್ಲವನ್ನೂ ಹೇಳಿದಳು. ತನ್ನ ತಪ್ಪು, ಸೊನ್ನೆ, ಮೇಜಿನ ಮೇಲೆ ಮೂರು ಸಲ ತೆರೆದುಕೊಂಡ ಬಾಗಿಲು. ಅವನು ಬೈಯುತ್ತಾನೆ, ಹೊಡೆದರೂ ಹೊಡೆಯಲಿ ಎಂದು ಕಾದಳು.

ವಿಲ್ಮಾರ್ ಊಟದ ಡಬ್ಬಿ ಮುಚ್ಚಿಟ್ಟ. ಆಮೇಲೆ ಮೆಲ್ಲಗೆ ಕೇಳಿದ:

"ಹಾಗಾದ್ರೆ... ಅದು ನಾನಲ್ವಾ?"

ನಿಬಿಯಾಗೆ ಆ ಪ್ರಶ್ನೆ ಅರ್ಥವಾಗಲೇ ಇಲ್ಲ. "ನೀವಾ? ನೀವು ತಗೊಂಡ್ರೋ ಇಲ್ವೋ ನಿಮಗೇ ಗೊತ್ತಿರ್ಬೇಕಲ್ಲ ದೋನ್ ವಿಲ್ಮಾರ್!"

"ನಂಗೇನೂ ನೆನಪೇ ಇರ್ಲಿಲ್ಲ. ಆದ್ರೆ ನೀನು ಅವತ್ತು ಅಷ್ಟು ಚೆನ್ನಾಗಿ ಹೇಳಿದೆ. ಪದ ನನ್ನ ತಲೇಲಿ ಬಿಟ್ರೆ ಎಲ್ಲೂ ಇಲ್ಲ ಅಂದೆ. ನಾನು ಯಾರಿಗೂ ಹೇಳಿರ್ಲಿಲ್ಲ. ಮನೆಗೆ ಹೋಗಿ ಲೆಕ್ಕ ಹಾಕ್ದೆ. ಹಾಗಾದ್ರೆ ನಾನೇ ತೆಗೆದಿದೀನಿ, ನಂಗೆ ನೆನಪಾಗ್ತಿಲ್ಲ ಅಷ್ಟೇ ಅಂತ." ಅವನು ಹಣೆಯನ್ನು ಬೆರಳಿನಿಂದ ತಟ್ಟಿಕೊಂಡ. "ಅದಕ್ಕೇ ಸಹಿ ಹಾಕ್ದೆ. ಅಷ್ಟು ದೂರ ಮೋಂತೆವಿದೇಯೊಗೆ ಎರಡು ಸಲ ಹೋಗಿ ತಲೆ ಸ್ಕ್ಯಾನ್ ಮಾಡಿಸ್ಕೊಂಡು ಬಂದೆ. ಏನೂ ಕಾಣ್ತಿಲ್ಲ ಅಂತಾರೆ, ಆದ್ರೂ ಮಾತ್ರೆ ಕೊಟ್ಟಿದಾರೆ. ಅವು ನುಂಗಿದ್ರೆ ದಿನವಿಡೀ ಮಂಕು. ಮೊಮ್ಮಗಳ ಜೊತೆ ಒಬ್ಬನೇ ಇರೋದು ಬಿಟ್ಟೆ. ಗೊತ್ತಿಲ್ದೆ ಏನು ಮಾಡಿಬಿಡ್ತೀನೋ ಯಾರಿಗ್ಗೊತ್ತು?"

ನಿಬಿಯಾ ಪೆಟ್ಟಿಗೆಯ ಮೇಲೆ ಕುಸಿದಳು. ಕೆಲಸ ಹೋದದ್ದು, ಹೆಸರು ಕೆಟ್ಟದ್ದು, ಇಷ್ಟನ್ನು ಅವಳು ಎಣಿಸಿಕೊಂಡು ಬಂದಿದ್ದಳು. ಒಬ್ಬ ಮನುಷ್ಯನಿಂದ ಅವನ ತಲೆಯನ್ನೇ ಕಿತ್ತುಕೊಂಡಿದ್ದೇನೆ ಎಂದು ಎಣಿಸಿರಲಿಲ್ಲ.

ವಿಲ್ಮಾರ್ ಜೇಬಿನಿಂದ ಫೋನ್ ತೆಗೆದು ಮನೆಗೆ, ಹೆಂಡತಿಗೆ ಕರೆ ಮಾಡಿದ.

"ನೋರ್ಮಾ, ಇವತ್ತು ಮಗೂನ ಶಾಲೆಯಿಂದ ನಾನು ಕರ್ಕೊಂಡು ಬರ್ತೀನಿ... ಹೂಂ, ಒಬ್ಬನೇ... ಇಲ್ಲ ಕಣೇ, ಮಾತ್ರೆ ತಗೊಂಡಿದೀನಿ... ನಾನು ಸರಿಯಾಗೇ ಇದೀನಿ, ಮೊದಲಿಂದಲೂ ಸರಿಯಾಗೇ ಇದ್ದೆ ಅಂತೆ... ಅಳಬೇಡ, ಕೇಳಿಲ್ಲಿ."

ಸ್ವಲ್ಪ ಹೊತ್ತು ಕೇಳಿಸಿಕೊಂಡ. ಆಮೇಲೆ ಫೋನನ್ನು ನಿಬಿಯಾಳ ಕಡೆ ಚಾಚಿದ.

"ನಾನು ಹೇಳಿದ್ರೆ ನಂಬಲ್ಲ ಅವಳು. ನೀನೇ ಹೇಳು ಮಗಳೇ. ಅವತ್ತು ಅವಳೂ ಅಲ್ಲೇ ಕೂತು ನಿನ್ನ ಮಾತು ಕೇಳಿದ್ಲು."

ಅವಳು ಫೋನನ್ನು ಕಿವಿಗಿಟ್ಟುಕೊಂಡಳು. "ಯಾರಮ್ಮ ನೀನು?" ಎಂದು ಆ ಕಡೆಯಿಂದ ಅಳುವ ದನಿ ಕೇಳಿತು. "ಅವತ್ತು ಬೀರು ತಪ್ಪೋದು ಸಾಧ್ಯವೇ ಇಲ್ಲ ಅಂದೋಳು, ನಿಬಿಯಾ," ಎಂದಳು.