ಒಂದೇ ಥರದ್ದು ಒಂದು ಕಡೆ

“ಎಮ್ಮೆ ಮುಂಡೇದೇ! ಒಂದೇ ಥರದ್ದನ್ನ ಒಂದು ಕಡೆ ಇಡು ಅಂತ ಸಾಹೇಬ್ರು ಎಷ್ಟು ಸಲ ಬಡ್ಕೋಬೇಕು? ಕಿವೀಲಿ ಸೋಪು ತುಂಬ್ಕೊಂಡಿದ್ಯಾ?”

ಮೇಸ್ತ್ರಿಯ ಬೈಗುಳ ಗಂಟಕ್ಕನಿಗೆ ಹೊಸದಲ್ಲ. ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಒಂದೊಂದು ಮನೆಯ ಬಟ್ಟೆಯನ್ನೂ ಬೇರೆ ಬೇರೆ ಗಂಟು ಕಟ್ಟಿ ಕಟ್ಟಿಯೇ ಅವಳಿಗೆ ಆ ಹೆಸರು ಬಂದದ್ದು. ಹೊಸದೆಂದರೆ ಮೇಜಿನ ಮೇಲೆ ಹರಡಿದ್ದ ಚಿತ್ರದ ಚೀಟಿಗಳು, ಅವುಗಳ ಹಿಂದೆ ಕೂತಿದ್ದ ಬುದ್ಧಿ ಅಳೆಯುವ ಸಾಹೇಬ. ಪಾಸಾದವರು ಇಸ್ತ್ರಿ ಕೋಣೆಗೆ. ಅಲ್ಲಿ ಒಣ ನೆಲ, ಒಣ ಕೆಲಸ. ಫೇಲಾದವರು ಮತ್ತೆ ಸೋಡಾ ನೀರಿನ ತೊಟ್ಟಿಗೆ. ಆ ತೊಟ್ಟಿಯಲ್ಲೇ ಗಂಟಕ್ಕನ ಬೆರಳಸಂದಿಯ ಚರ್ಮ ಕಿತ್ತುಬಂದಿತ್ತು. ತುತ್ತು ಎತ್ತಿದರೂ ಕಣ್ಣಲ್ಲಿ ನೀರು.

ಅವಳು ಚೀಟಿಗಳನ್ನು ಎರಡು ಗುಂಪು ಮಾಡಿದ್ದಳು. “ಅಂಗಿ, ಲಂಗ, ಕೂಸಿನ ಟೊಪ್ಪಿ, ದೊಡ್ಡ ಪಾತ್ರೆ. ಇದು ಸಂಸಾರಸ್ಥರ ಮನೇದು, ಸ್ವಾಮಿ. ಕೋಟು, ಊರುಗೋಲು, ಒಂದೇ ತಟ್ಟೆ. ಇದು ಒಂಟಿ ಮುದುಕಂದು.”

“ತಪ್ಪು. ಅಂಗಿ, ಲಂಗ, ಕೋಟು ಉಡುಪು. ತಟ್ಟೆ, ಪಾತ್ರೆ ಬೇರೆ.”

“ಅಯ್ಯೋ, ಎರಡು ಮನೆ ಬಟ್ಟೆ ಬೆರೆಸಿದ್ರೆ ಮೇಸ್ತ್ರಿ ಕೆನ್ನೆಗೆ ಬಾರಿಸ್ತಾರೆ!”

“ಮನೆ ಎಲ್ಲಿಂದ ಬಂತಮ್ಮಾ? ಇದು ಯಾರದ್ದೂ ಅಲ್ಲ. ಬರೀ ಅಂಗಿ.”

ಯಾರದ್ದೂ ಅಲ್ಲದ ಅಂಗಿ! ಅಂಥದ್ದು ಅವಳ ಕೈಗೆ ಈವರೆಗೆ ಬಂದಿರಲಿಲ್ಲ. “ಹಾಗಾದ್ರೆ ಅದನ್ನ ಒಗೆಯೋದ್ಯಾಕೆ ಸ್ವಾಮಿ?”

ಸಾಹೇಬನಿಗೆ ನಗು ಬಂತು. “ಶಾಲೆಗೆ ಹೋಗಿದ್ಯಾ?”

“ಹಾಲುಹಲ್ಲು ಬೀಳೋ ಹೊತ್ತಿಗೇ ಈ ತೊಟ್ಟಿಗೆ ಬಿದ್ದೆ.”

“ಹುಟ್ಟಾ ಮಂದ,” ಎಂದು ಸಾಹೇಬ ಮೇಸ್ತ್ರಿಯತ್ತ ತಿರುಗಿದ. “ತೊಟ್ಟಿಗೇ ಲಾಯಕ್ಕು.”

ಇಸ್ತ್ರಿ ಪೆಟ್ಟಿಗೆಯ ಹಿಡಿಯನ್ನೂ ಮುಟ್ಟಿರದ ಮೇಸ್ತ್ರಿಯ ಸೊಸೆ, ನಾಲ್ಕಕ್ಷರ ಓದಿದ್ದವಳು, ಚಿಟಿಕೆ ಹೊಡೆಯುವಷ್ಟರಲ್ಲಿ ಪಾಸಾಗಿ ಒಣ ಕೋಣೆ ಸೇರಿದಳು.

ತೊಟ್ಟಿಯ ಬಳಿ ಗಂಟಕ್ಕನ ನಾದಿನಿ ಮೂಗು ಹಿಡಿದು ಸಾಹೇಬನ ದನಿಯನ್ನು ಅಣಕಿಸಿದಳು: “ಬರೀ ಅಂಗೀಈ!” ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಗಂಟಕ್ಕ ನಗಲಿಲ್ಲ.

“ಹುಟ್ಟಾ ಮಂದ ಅಂತೆ. ಕಲಿಸಿದ್ರೆ ಬರ್ತಿರಲಿಲ್ವೇನೇ? ಒಂದು ಸಲ ಹೇಳಿದ್ದಕ್ಕೇ ಬಂದುಬಿಡ್ತು, ನೋಡು. ಬನ್ರೇ, ಪಾಠ ಒಪ್ಪಿಸೋಣ.”

ಒಗೆದು ಒಣಗಿಸಿ ಗೇಟಿಗೆ ಹೋಗಲು ಕಾದಿದ್ದ ಗಂಟುಗಳನ್ನು ಅವರು ಒಂದೊಂದಾಗಿ ಬಿಚ್ಚಿದರು. ಅಂಗಿಯ ಮೇಲೆ ಅಂಗಿ, ಲಂಗದ ಮೇಲೆ ಲಂಗ, ದುಪ್ಪಟಿಯ ಮೇಲೆ ದುಪ್ಪಟಿ. ಬಟ್ಟೆಗಳಿಗೆ ಗುರುತು ಹಾಕುವ ಪದ್ಧತಿ ಅಲ್ಲಿರಲಿಲ್ಲ; ಯಾವುದು ಯಾವ ಮನೆಯದೆಂದು ಆ ಹೆಂಗಸರ ಕಣ್ಣಿಗೆ ಮಾತ್ರ ಗೊತ್ತಿತ್ತು.

ಸಂಜೆ ಗೇಟಿನಲ್ಲಿ ಗಿರಾಕಿಗಳ ಕೂಗಾಟ ಶುರುವಾದಾಗ ಧಣಿಯೇ ಓಡಿಬಂದ. ರಾಶಿಯಿಂದ ಒಂದನ್ನು ಎಳೆದು ಗಂಟಕ್ಕನ ಮುಖಕ್ಕೆ ಹಿಡಿದ. “ಇದು ಯಾರದ್ದೇ, ಹಲ್ಕಾ?”

“ಚಡ್ಡಿ, ಧಣಿ.”

“ಯಾರದ್ದು ಅಂತ ಕೇಳ್ದೆ!”

“ಅದೆಲ್ಲ ದಡ್ಡರಿಗೆ ಗೊತ್ತಿರುತ್ತೆ. ನಾವು ಪಾಸಾಗೋರು.”

ಮೇಸ್ತ್ರಿ ಒಳಗಿನಿಂದ ಬಾಗಿಲ ಚಿಲಕ ಹಾಕಿ ಸೊಂಟದ ಬೆಲ್ಟು ಬಿಚ್ಚತೊಡಗಿದ. ಹೊರಗೆ ಗಿರಾಕಿಗಳು ಗೇಟು ದಡದಡ ಬಡಿಯುತ್ತಿದ್ದರು.

ಗಂಟಕ್ಕ ಇನ್ನೂ ಉಳಿದಿದ್ದ ಒಂದು ಗಂಟನ್ನೂ ಬಿಚ್ಚಲು ಕೈ ಹಾಕಿದಳು.